ಜಾಲಿಗೆ ನಮ್ಮೂರ ಹೆಸರು

ಗ್ರಾಮೀಣ ಪತ್ರಿಕೋದ್ಯಮ ಓದುವಾಗ ತರಗತಿಯಲ್ಲಿ ನಮ್ಮ ಐವರಿಗೂ ಸೇರಿ ಒಂದೇ ಅಡ್ಡಹೆಸರಿತ್ತು: ‘ಬಳ್ಳಾರಿ ಜಾಲಿ’. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಒಬ್ಬೊಬ್ಬರು ಒಂದೊಂದು ತಾಲೂಕಿನವರು. ಹೆಸರಿಟ್ಟವನು ಮಲೆನಾಡಿನ ಗೆಳೆಯ. ‘ನೀರಿಲ್ದಿದ್ರೂ ಬದುಕ್ತೀರಿ, ಎಲ್ಲಿ ಬಿಟ್ರೂ ಬೆಳೀತೀರಿ, ಮುಟ್ಟಿದ್ರೆ ಚುಚ್ತೀರಿ’ ಎಂದು ಕಾರಣವನ್ನೂ ಕೊಟ್ಟಿದ್ದ. ನಾವೂ ನಕ್ಕು ಒಪ್ಪಿಕೊಂಡಿದ್ದೆವು. ಒಳಗೊಳಗೆ ಅದು ನಿಜವೇ ಅನ್ನಿಸಿತ್ತು. ಶಾಲೆಯ ದಿನಗಳಿಂದ ನಾವು ಕೇಳುತ್ತಾ ಬಂದದ್ದೂ ಅದನ್ನೇ: ಇದು ಬರದ ಸೀಮೆ, ಇಲ್ಲಿ ಬೆಳೆಯುವುದು ಜಾಲಿ ಒಂದೇ, ಓದಿ ಹೊರಗೆ ಹೋಗಿ ಬದುಕಿಕೊಳ್ಳಿ.

ಹೊರಗೆ ಹೋದೆವು. ಕೆಲಸಕ್ಕೂ ಸೇರಿದೆವು. ಈ ಸಲ ಯುಗಾದಿಗೆ ಐವರೂ ಊರಿಗೆ ಬಂದಾಗ ಒಂದು ಯೋಚನೆ ಬಂತು. ಐದು ತಾಲೂಕನ್ನೂ ಒಟ್ಟಿಗೆ ಒಂದು ಸುತ್ತು ನೋಡೋಣ, ಜಾಲಿಯನ್ನೇ ಹಿಡಿದುಕೊಂಡು ಹೋಗೋಣ. ಮೂರು ಬೈಕು, ನಾಲ್ಕು ದಿನ. ದಾರಿ ತಪ್ಪುವ ಭಯವೇನೂ ಇರಲಿಲ್ಲ. ನಮ್ಮ ಕಡೆ ರಸ್ತೆಯ ಎರಡೂ ಬದಿಗೆ ಅದೇ ಇರುತ್ತದೆ.

ಹೊರಡುವ ಮುಂಚೆ ಒಂದಿಷ್ಟು ಓದಿಕೊಂಡೆವು. ಮೊದಲು ಗೊತ್ತಾದ ಸಂಗತಿಯೇ ನಮ್ಮನ್ನು ನಿಲ್ಲಿಸಿಬಿಟ್ಟಿತು. ಬಳ್ಳಾರಿ ಜಾಲಿ ಬಳ್ಳಾರಿಯದಲ್ಲ. ಅದು ಮೆಕ್ಸಿಕೊ, ದಕ್ಷಿಣ ಅಮೆರಿಕ, ಕೆರಿಬಿಯನ್ ದ್ವೀಪಗಳ ಕಡೆಯ ಗಿಡ. 1876ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿ ಆರ್.ಎಚ್. ಬೆಡ್ಡೋಮ್ ಒಣಸೀಮೆಯಲ್ಲಿ ಬೆಳೆಸಲು ಇದರ ಬೀಜ ತರಿಸಿಕೊಡಿ ಎಂದು ಸರ್ಕಾರಕ್ಕೆ ಬರೆದ. 1877ರಲ್ಲಿ ಜಮೈಕಾದಿಂದ ಬಂದ ಬೀಜವನ್ನು ಕಡಪ ಸೀಮೆಯ ಕಮಲಾಪುರಂನಲ್ಲಿ ಬಿತ್ತಿದರು. ಇದು ಹಂಪಿ ಪಕ್ಕದ ನಮ್ಮ ಕಮಲಾಪುರವಲ್ಲ, ಆಂಧ್ರದ್ದು.

ಆ ಎರಡು ವರ್ಷಗಳನ್ನು ನಮ್ಮ ಸೀಮೆ ಬೇರೆ ಕಾರಣಕ್ಕೆ ನೆನಪಿಟ್ಟುಕೊಂಡಿದೆ. ಅವು ಧಾತು, ಈಶ್ವರ ಸಂವತ್ಸರಗಳು. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ, 1876–78ರ ಆ ಮಹಾಕ್ಷಾಮದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಬರಗಾಮಗಾರಿಯಲ್ಲಿ ದಿನವಿಡೀ ಕಲ್ಲು ಒಡೆದ ಗಂಡಾಳಿಗೆ ಒಂದು ಪೌಂಡು ಧಾನ್ಯ, ಒಂದಾಣೆ ಕೂಲಿ ಸಾಕು ಎಂದು ದೊರೆಗಳು ಲೆಕ್ಕ ಹಾಕಿದ್ದ ಕಾಲ. ಅದಕ್ಕೂ ಮುಂಚೆ 1791–92ರಲ್ಲಿ ಡೋಗಿ ಬರ ಬಂದಿತ್ತು. ಡೋಗಿ ಅಂದರೆ ತಲೆಬುರುಡೆ. ಸತ್ತವರನ್ನು ಮಣ್ಣು ಮಾಡಲೂ ಜನ ಉಳಿಯದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವಂತೆ. ಇಂಥ ನೆಲಕ್ಕೆ ನೀರು ಕೇಳದ, ದನ ಮುಟ್ಟದ, ಕಡಿದಷ್ಟೂ ಚಿಗುರುವ ಸೌದೆಯ ಮರ ತಂದರು. ಅಂದರೆ ಬರ ಬಂದ ಹೊತ್ತಿಗೇ ಬೀಜವೂ ಬಂತು.

ತೆಲುಗರು ಈ ಗಿಡವನ್ನು ‘ಸರ್ಕಾರು ತುಮ್ಮ’ ಅನ್ನುತ್ತಾರೆ, ಸರ್ಕಾರದ ಜಾಲಿ. ತಮಿಳರಿಗೆ ಅದು ‘ಸೀಮೈ ಕರುವೇಲಂ’, ಪರದೇಶದ ಜಾಲಿ. ತಂದವರು ಯಾರು, ಬಂದದ್ದು ಎಲ್ಲಿಂದ ಎಂಬುದನ್ನು ಆ ಹೆಸರುಗಳು ಮರೆತಿಲ್ಲ. ಕನ್ನಡದಲ್ಲಿ ಮಾತ್ರ ಅದು ನಮ್ಮ ಜಿಲ್ಲೆಯ ಹೆಸರು ಹೊತ್ತುಕೊಂಡಿತು. ಯಾರೋ ತಂದು ಬಿತ್ತಿದ್ದಕ್ಕೆ ನಾವು ವಾರಸುದಾರರಾದೆವು.

ಮೊದಲ ದಿನ ಕೂಡ್ಲಿಗಿ. ತಾಲೂಕಿನ ಪೂರ್ವಕ್ಕೆ ಗುಡೇಕೋಟೆ ಕಡೆ ಹೋದರೆ ಬಂಡೆಗಳ ಮೇಲೆ ಬಂಡೆ. ಅಲ್ಲಿ ಕರಡಿಧಾಮವಿದೆ. ಕರಡಿಗಳು ರಾತ್ರಿ ಹೊತ್ತು ಶೇಂಗಾ, ಮೆಕ್ಕೆಜೋಳದ ಹೊಲಕ್ಕೆ ಇಳಿಯುತ್ತವೆ. ಹೊಲ ಕಾಯುವವರು ಬೆಂಕಿ ಹಾಕಿಕೊಂಡು ಕೂರುತ್ತಾರೆ. ನಮಗೆ ಸಿಕ್ಕಿದ ಅಜ್ಜ ಒಬ್ಬರು ಮ್ಯಾಸಬೇಡರ ಕಿಲಾರಿ, ಅಂದರೆ ದೇವರ ಎತ್ತುಗಳನ್ನು ಕಾಯುವವರು. ಈ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ಮ್ಯಾಸಬೇಡರು ಕೋಳಿ ಸಾಕುವುದಿಲ್ಲ, ತಿನ್ನುವುದೂ ಇಲ್ಲ. ಅವರ ಹೆಸರಿನಲ್ಲೇ ಮೇಯಿಸುವ ಕಸುಬಿದೆ.

ಬಳ್ಳಾರಿ ಹತ್ತಿರದ ಕುಡತಿನಿಯ ಬೂದಿದಿಬ್ಬ ನಮಗೆ ನೆನಪಾಯಿತು. ಚಿಕ್ಕವರಿದ್ದಾಗ ಅದು ಯಾವುದೋ ರಾಕ್ಷಸನನ್ನು ಸುಟ್ಟ ಬೂದಿ ಅಂತ ಕೇಳಿದ್ದೆವು. ಅಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿಯನ್ನು ಗುಡ್ಡೆ ಹಾಕಿ ಸುಟ್ಟು ಆದವು ಎಂಬುದನ್ನು ಪುರಾತತ್ವದವರು ಅಗೆದು ತೋರಿಸಿ ಎಷ್ಟೋ ವರ್ಷವಾಯಿತು. ನಾಲ್ಕು ಸಾವಿರ ವರ್ಷದ ಹಿಂದೆಯೂ ಈ ಸೀಮೆಯಲ್ಲಿ ಜನ ದನಗಳ ಹಿಂದೆ ನಡೆದಿದ್ದಾರೆ. ಅವರಿಗೂ ಈ ಅಜ್ಜನಿಗೂ ನೇರ ನಂಟು ಹಚ್ಚುವ ಧೈರ್ಯ ನಮಗಿಲ್ಲ. ಆದರೆ ಹುಲ್ಲು ಇದ್ದ ಕಡೆ ದನ, ದನ ಹೋದ ಕಡೆ ಜನ, ಜನ ನಿಂತ ಕಡೆ ಊರು ಎಂಬ ಲೆಕ್ಕ ಮಾತ್ರ ಒಂದೇ.

‘ಮೇವು ಎಲ್ಲೈತಿ ಅಜ್ಜಾ?’ ಅಂದೆವು.

‘ಕಾವಲು ಇತ್ತು ತಮ್ಮಾ. ಈಗ ಜಾಲಿ ಐತಿ. ಅದರ ಬುಡಕ್ಕ ಹುಲ್ಲು ಹುಟ್ಟಂಗಿಲ್ಲ. ಎತ್ತು ಒಳಗ ಹೋದ್ರ ಕಣ್ಣಿಗೆ ಮುಳ್ಳು.’

ಅಜ್ಜನ ಮಾತಿನಲ್ಲಿ ಸಸ್ಯಶಾಸ್ತ್ರವೂ ಇತ್ತು. ಬಳ್ಳಾರಿ ಜಾಲಿಯ ಉದುರೆಲೆ ತನ್ನ ಸುತ್ತ ಬೇರೆ ಗಿಡ ಮೊಳೆಯದಂತೆ ಮಾಡುತ್ತದೆ. ಬೇರು ತುಂಬ ಆಳಕ್ಕೆ ಇಳಿಯುತ್ತದೆ. ಎಲೆಯನ್ನು ದನ ಮುಟ್ಟುವುದಿಲ್ಲ. ಕಾಯಿ ಮಾತ್ರ ಸಿಹಿ. ಕುರಿ, ಮೇಕೆ, ದನ ಕಾಯಿ ತಿಂದು ಹಿಕ್ಕೆಯಲ್ಲಿ, ಸಗಣಿಯಲ್ಲಿ ಬೀಜ ಹಾಕುತ್ತವೆ. ಹೊಟ್ಟೆಯೊಳಗೆ ಹಾದು ಬಂದ ಬೀಜ ಸಲೀಸಾಗಿ ಮೊಳೆಯುತ್ತದೆ. ಹೀಗೆ ಸರ್ಕಾರ ಬಿತ್ತಿದ್ದನ್ನು ನಮ್ಮ ಹಿಂಡುಗಳೇ ಊರೂರಿಗೆ ಹಂಚಿದವು. ಹುಲ್ಲು ಹೋಗುತ್ತಿದ್ದಂತೆ ಹಿಂಡೂ ಕರಗುತ್ತಿದೆ.

ಎರಡನೆಯ ದಿನ ಕೊಟ್ಟೂರು. ಜಾತ್ರೆ ಮುಗಿದು ಬಹಳ ದಿನ ಆಗಿರಲಿಲ್ಲ. ಕೊಟ್ಟೂರೇಶ್ವರನ ತೇರಿಗೆ ಸುತ್ತಲ ಊರುಗಳಿಂದ ಜನ ನಡೆದೇ ಬರುತ್ತಾರೆ. ಪಾದಯಾತ್ರೆಯವರಿಗೆ ದಾರಿಯಲ್ಲಿ ಅನ್ನ, ನೀರು, ಕಾಲಿಗೆ ಮುಲಾಮು ಕೊಡುವವರಿರುತ್ತಾರೆ. ಮುಳ್ಳು ಕೀಳಲು ಚಿಮಟ ಇಟ್ಟುಕೊಂಡು ಕೂತವರನ್ನೂ ನೋಡಿದ್ದೇವೆ.

ನಮ್ಮಲ್ಲಿ ಕೊಟ್ಟೂರು ಕಡೆಯವನು ತನ್ನ ಹಳ್ಳಿಯ ಕೆರೆ ತೋರಿಸಲು ಕರೆದುಕೊಂಡು ಹೋದ. ಏರಿಯ ಮೇಲೆ ನಿಂತು ನೋಡಿದರೆ ಕೆರೆಯ ಅಂಗಳದಲ್ಲಿ ನೀರಿಲ್ಲ, ದಟ್ಟ ಜಾಲಿಕಾಡು. ‘ಇದನ್ನ ಬಯ್ಯೋಕೆ ನನಗೆ ಬಾಯಿ ಬರಲ್ಲ’ ಅಂದ. ಅವರ ಮನೆಗೆ ಹೊಲವಿಲ್ಲ. ಅವನ ಅಪ್ಪ ಅವ್ವ ಈ ಕೆರೆಯಂಗಳದ ಜಾಲಿ ಕಡಿದು, ಗುಂಡಿಯಲ್ಲಿ ಒಟ್ಟಿ, ಮಣ್ಣು ಮುಚ್ಚಿ, ಇದ್ದಿಲು ಸುಟ್ಟು ಮಾರಿದರು. ಅವನ ಕಾಲೇಜಿನ ಫೀಸು ಆ ಇದ್ದಿಲಿನದು. ಅಪ್ಪನ ಬಲಗಾಲಿನ ಹೆಬ್ಬೆರಳು ಹೋದದ್ದೂ ಆ ಮುಳ್ಳಿನಿಂದಲೇ. ನಮ್ಮ ಎಲ್ಲರ ಮನೆಯ ಒಲೆಯೂ ಗ್ಯಾಸ್ ಬರುವ ತನಕ ಉರಿದದ್ದು ಅದರಿಂದ. ‘ನಮ್ಮ ಜನ್ಮದಾಗ ಸೌದಿಗೆ ರೊಕ್ಕ ಕೊಟ್ಟಿಲ್ಲ’ ಎಂದು ಅವನ ಅವ್ವ ಹೆಮ್ಮೆಯಿಂದ ಹೇಳುತ್ತಾಳೆ. ಬರಕ್ಕೆಂದು ತಂದ ಮರ ಬಡವರ ಒಲೆ ಉರಿಸಿದ್ದೂ ನಿಜ, ಕೆರೆ ನುಂಗಿದ್ದೂ ನಿಜ. ಎರಡನ್ನೂ ಬರೆಯದಿದ್ದರೆ ನಾವು ಓದಿದ ಪತ್ರಿಕೋದ್ಯಮಕ್ಕೆ ಅರ್ಥವಿಲ್ಲ.

ಆದರೆ ಕೆರೆ ಸತ್ತದ್ದು ಜಾಲಿಯಿಂದಲೇ? ಏರಿಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದೆವು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಊರುಗಳು ನಿಂತದ್ದೇ ಕೆರೆಗಳಿಂದ. ಇಲ್ಲಿನ ಹಳೆಯ ಶಾಸನಗಳ ಕಾಲದಿಂದ ಕೆರೆಗೊಡಗೆ, ಬಿತ್ತುವಟ್ಟ ಎಂಬ ಮಾತುಗಳಿವೆ. ಕೆರೆ ಕಟ್ಟಿದವರಿಗೆ, ಕಾಯ್ದವರಿಗೆ ಬಿಟ್ಟ ಭೂಮಿ, ಕೆರೆಯ ದುರಸ್ತಿಗೆಂದೇ ತೆಗೆದಿಟ್ಟ ಪಾಲು. ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳಲು ನೀರಗಂಟಿ ಇದ್ದ. ಹೂಳು ಎತ್ತಿ ಹೊಲಕ್ಕೆ ಹೊಡೆಯುವುದು ಬೇಸಿಗೆಯ ಕೆಲಸ. ಕೆರೆ ಊರನ್ನು ಸಾಕಿತು, ಊರು ಕೆರೆಯನ್ನು ಸಾಕಿತು. ಆ ಲೆಕ್ಕದಲ್ಲಿ ಅನ್ಯಾಯವೂ ಇತ್ತು. ನೀರು ಹಂಚುವಾಗ ಜಾತಿಯೂ ಲೆಕ್ಕಕ್ಕೆ ಬರುತ್ತಿತ್ತು. ಇದ್ದಿಲು ಸುಡುವ ಮನೆಗೆ ಕೆರೆಯ ಕೆಳಗೆ ಗದ್ದೆ ಅಂದೂ ಇರಲಿಲ್ಲ. ಆಮೇಲೆ ಕೊಳವೆಬಾವಿ ಬಂತು. ತಮ್ಮ ತಮ್ಮ ಹೊಲದಲ್ಲೇ ನೀರು ಸಿಕ್ಕವರಿಗೆ ಕೆರೆ ಬೇಡವಾಯಿತು. ನೀರಗಂಟಿಯ ಮಗ ಬೇರೆ ಕೆಲಸ ಹುಡುಕಿಕೊಂಡ. ಕೆರೆಗೆ ನೀರು ತರುವ ಹಳ್ಳಗಳು ಮುಚ್ಚಿದವು. ಜಾಲಿ ಒಳಗೆ ಬಂದದ್ದು ಇಷ್ಟೆಲ್ಲ ಆದಮೇಲೆ. ಕೈಬಿಟ್ಟ ಜಾಗವನ್ನು ಅದು ಹಿಡಿದುಕೊಂಡಿತು, ಅಷ್ಟೆ.

ಈ ಮಾತು ಬರೀ ಏರಿಯ ಮೇಲಿನ ಹರಟೆಯಲ್ಲ ಎಂಬುದು ಮೂರನೆಯ ದಿನ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದಲ್ಲಿ ಖಾತ್ರಿಯಾಯಿತು. ಅಲ್ಲಿಯೂ ಕೆರೆ, ಅಲ್ಲಿಯೂ ಅಂಗಳದ ತುಂಬ ಜಾಲಿ. ಆದರೆ ಅದು ನಮ್ಮ ಹಳೆಯ ಕರಿಜಾಲಿ, ಕೆಲವರ ಬಾಯಲ್ಲಿ ಗೊಬ್ಬಳಿ. ಬಂಡಿಯ ಗಾಲಿಗೆ, ನೇಗಿಲಿಗೆ, ತೊಗಲು ಹದ ಮಾಡುವುದಕ್ಕೆ ಬಳಸಿದ ಮರ. ಒಣಗಿದ್ದ ಕೆರೆಯಲ್ಲಿ ಅರಣ್ಯ ಇಲಾಖೆಯವರು ಅದನ್ನು ಬೆಳೆಸಿದ್ದರು. ಊರವರು ಹಿನ್ನೀರಿನಿಂದ ಕೆರೆ ತುಂಬಿಸಬೇಕೆಂದು ಪಟ್ಟು ಹಿಡಿದರು. ಅವರು ಕೇಳಿದ್ದು ಹೊಲಕ್ಕೆ ನೀರು. ನೀರು ಬಂದಾಗ ಮರಗಳು ನಡುನೀರಿನಲ್ಲಿ ನಿಂತವು. ಮುಳ್ಳಿನ ಮರ, ಸುತ್ತ ನೀರು. ನಾಯಿ, ನರಿಗಳ ಕಾಟವಿಲ್ಲ. ಹಕ್ಕಿಗಳಿಗೆ ಇದಕ್ಕಿಂತ ಬೇರೆ ಏನು ಬೇಕು?

ನಾವು ಹೋದಾಗ ಬೆಳಗಿನ ಏಳು ಗಂಟೆ. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು, ನೀರುಕಾಗೆ. ಮರದ ಮೇಲೆ ಎಲೆಗಿಂತ ರೆಕ್ಕೆ ಜಾಸ್ತಿ. ವಾಸನೆಗೆ ಮೂಗು ಮುಚ್ಚಿಕೊಂಡೇ ನೋಡಿದೆವು. ಈ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಸುಮಾರು 98 ಹೆಕ್ಟೇರಿನ ಹಳ್ಳಿ ಕೆರೆಯಲ್ಲಿ 30 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇರುತ್ತವೆ ಎಂಬುದು ಅದರ ದಾಖಲೆಯಲ್ಲಿರುವ ಲೆಕ್ಕ. ಹೊಲಕ್ಕೆಂದು ಹೋರಾಡಿ ತಂದ ನೀರನ್ನು ಹಕ್ಕಿಗಳಿಗಾಗಿ ಕೆರೆಯಲ್ಲೇ ಉಳಿಸಲು ಊರವರು ಒಪ್ಪಿದ್ದಾರೆ. ಮೇಕೆ ಕಾಯುತ್ತಿದ್ದ ಹೆಂಗಸೊಬ್ಬರನ್ನು ಈ ಬಗ್ಗೆ ಕೇಳಿದೆವು. ‘ಬಸುರಿ, ಬಾಣಂತಿ ಇದ್ದಂಗ ಅವು. ಮನೀಗೆ ಬಂದಾಗ ನೀರು ಇಲ್ಲ ಅನ್ನಾಕ ಬರ್ತತೇನು?’ ಅಂದರು. ಸ್ವಲ್ಪ ತಡೆದು, ‘ಖರೇ ಅಂದ್ರ ಹೊಲಕ್ಕೂ ನೀರು ಬೇಕು’ ಎಂದೂ ಸೇರಿಸಿದರು. ಆ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನಷ್ಟೇ ಬರೆಯುವ ವರದಿಗಳು ಬಹಳ.

ಅಲ್ಲಿಂದ ಹಡಗಲಿಗೆ ಹೋಗುವಾಗ ಹಿನ್ನೀರು ಕಾಣುತ್ತದೆ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು, ಅಲ್ಲಿನ ತೇರುಗಳನ್ನು ಇಲ್ಲಿ ಎಳೆಯುತ್ತಾರೆ. ಮುಳುಗಡೆ ನಮ್ಮ ಕಡೆ, ಕಾಲುವೆಗಳು ಮಾತ್ರ ಅಣೆಕಟ್ಟಿನಿಂದ ಆಚೆಗೆ, ಕೊಪ್ಪಳ, ರಾಯಚೂರು, ಸಿರುಗುಪ್ಪ, ಆಂಧ್ರದ ಕಡೆಗೆ. ‘ಪಶ್ಚಿಮ ತಾಲೂಕುಗಳು’ ಎಂಬ ಮಾತು ಇಲ್ಲಿನ ರಾಜಕಾರಣಿಗಳ ಬಾಯಲ್ಲಿ ಉಳಿದಿರುವುದು ಆ ನೋವಿನಿಂದಲೇ. ಇನ್ನೊಂದು ಲೆಕ್ಕವೂ ಇದೆ. 132 ಟಿಎಂಸಿಗೂ ಹೆಚ್ಚು ಹಿಡಿಯುತ್ತಿದ್ದ ಜಲಾಶಯ ಈಗ 105.788 ಟಿಎಂಸಿಗೆ ಇಳಿದಿದೆ. ಉಳಿದ ಜಾಗದಲ್ಲಿ ಹೂಳಿದೆ. ಹುಲ್ಲು ಹೋದ ಕಾವಲು, ಒಡೆದ ಒಡ್ಡು, ಹೂಳು ತಡೆಯದ ಕೆರೆಗಳಿಂದ ಜಾರಿಹೋದ ಮಣ್ಣು. ಅದರಲ್ಲಿ ನಮ್ಮ ಹೊಲಗಳದ್ದೂ ಇದೆ.

ಹಡಗಲಿಯಲ್ಲಿ ಬೆಳಗಿನ ನಾಲ್ಕು ಗಂಟೆಗೆ ಎಬ್ಬಿಸಿದರು. ಮಲ್ಲಿಗೆ ಮೊಗ್ಗು ಬಿಡಿಸುವುದು ಬಿಸಿಲೇರುವ ಮುಂಚೆ ಮುಗಿಯಬೇಕು. ನಮ್ಮಲ್ಲಿ ಹಡಗಲಿಯವಳ ಮನೆಯ ತೋಟ ಕಾಲು ಎಕರೆಯದು. ಅವಳ ದೊಡ್ಡವ್ವ ಹೆಡ್‌ಲೈಟು ಕಟ್ಟಿಕೊಂಡು ಬಿಡಿಸುತ್ತಿದ್ದಳು. ನಾವೂ ಕೈ ಹಾಕಿದೆವು. ಅವಳ ಮಡಿಲು ತುಂಬಿದಾಗ ನಮ್ಮ ಐವರದೂ ಸೇರಿ ಒಂದು ಬೊಗಸೆ ಆಗಿತ್ತು. ವಿಜಯನಗರದ ಅರಮನೆಗೆ ಇಲ್ಲಿಂದ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಹೂವಿನಹಡಗಲಿ ಎಂದು ಹೆಸರು ಬಂತು ಅನ್ನುತ್ತಾರೆ. ಕಥೆ ಹೇಗೇ ಇರಲಿ, ಹಡಗಲಿ ಮಲ್ಲಿಗೆಗೆ ಮೈಸೂರು, ಉಡುಪಿ ಮಲ್ಲಿಗೆಗಳ ಜೊತೆ ಭೌಗೋಳಿಕ ಸೂಚಕ ಸಿಕ್ಕಿದ್ದು ನಿಜ. ಚಳಿಗಾಲದಲ್ಲಿ ಸವರಬೇಕು, ಗೊಬ್ಬರ ಹಾಕಬೇಕು, ಹೂ ಬಿಡುವ ತಿಂಗಳುಗಳಲ್ಲಿ ದಿನಾ ಬಿಡಿಸಬೇಕು, ಬಿಡಿಸಿದ್ದನ್ನು ಕಟ್ಟಬೇಕು. ಓಣಿಯ ಕಟ್ಟೆಗಳ ಮೇಲೆ ಹೆಂಗಸರು, ಮುದುಕರು, ಶಾಲೆಯ ಹುಡುಗಿಯರು ಕಟ್ಟುತ್ತಲೇ ಇರುತ್ತಾರೆ. ‘ಮದುವಿ ಇರಲಿ, ತಿಥಿ ಇರಲಿ, ಊರು ಬಿಡಾಕ ಆಗಂಗಿಲ್ಲವಾ. ಗಿಡ ಕರೀತತಿ’ ಅಂದಳು ದೊಡ್ಡವ್ವ.

ಬೈಕಿನಲ್ಲಿ ಕೂತ ಮೇಲೆ ಆ ಮಾತು ತಲೆಯಲ್ಲಿ ತಿರುಗಿತು. ಒಂದು ಗಿಡ ಜನರನ್ನು ಊರಲ್ಲಿ ಹಿಡಿದಿಟ್ಟುಕೊಂಡಿದೆ. ಇನ್ನೊಂದು, ಜನ ಬಿಟ್ಟ ಜಾಗದಲ್ಲಿ ಬೆಳೆಯುತ್ತದೆ. ನೆಲ ಒಂದೇ, ಮಳೆ ಒಂದೇ. ನಮ್ಮ ನೆಲದಲ್ಲಿ ಏನು ಬೆಳೆಯುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಮಳೆಯದು, ಉಳಿದರ್ಧ ಅಲ್ಲಿ ಯಾರು ಇದ್ದಾರೆ ಎಂಬುದು.

ಕೊನೆಯ ದಿನ ಹರಪನಹಳ್ಳಿ. ಈ ತಾಲೂಕು ಕೂತಲ್ಲೇ ಕೂತು ಊರೂರು ಸುತ್ತಿದೆ. 1953ರ ತನಕ ಮದ್ರಾಸಿನದು, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ ಜಿಲ್ಲೆ. 2002ರ ನಂಜುಂಡಪ್ಪ ವರದಿಯಲ್ಲಿ ಹರಪನಹಳ್ಳಿ, ಕೂಡ್ಲಿಗಿ ಎರಡೂ ‘ಅತಿ ಹಿಂದುಳಿದ’ ತಾಲೂಕುಗಳ ಪಟ್ಟಿಯಲ್ಲಿದ್ದವು. ಜಿಲ್ಲೆ ಬದಲಾದರೂ ಗುಳೆ ಬದಲಾಗಲಿಲ್ಲ. ತಾಂಡಾಗಳಿಂದ ಸುಗ್ಗಿ ಮುಗಿಯುವ ಹೊತ್ತಿಗೆ ಕುಟುಂಬಗಳು ಕಬ್ಬು ಕಡಿಯಲು ಮಂಡ್ಯದ ಕಡೆ, ಕಾಫಿ ತೋಟಕ್ಕೆ ಚಿಕ್ಕಮಗಳೂರಿನ ಕಡೆ ಹೊರಡುತ್ತವೆ. ಮುದುಕರು, ಕೆಲವು ಮಕ್ಕಳು ಉಳಿಯುತ್ತಾರೆ. ಕೆಲವು ಮನೆಗಳಿಗೆ ಬೀಗ.

ನಾವು ಹೋದ ತಾಂಡಾದಲ್ಲಿ ಯುಗಾದಿಗೆಂದು ಬಹಳ ಮನೆಗಳ ಬೀಗ ತೆಗೆದಿತ್ತು. ಒಬ್ಬ ಅಕ್ಕ ಮನೆಯ ಮುಂದಿನ ಜಾಲಿ ಗಿಡಗಳನ್ನು ಮಚ್ಚಿನಿಂದ ಸವರುತ್ತಿದ್ದರು. ಹೋಗುವಾಗ ಅಂಗಳ ಸಾರಿಸಿಟ್ಟು ಹೋಗಿದ್ದರಂತೆ. ಐದು ತಿಂಗಳಲ್ಲಿ ಮೊಣಕಾಲೆತ್ತರ ಬಂದಿದ್ದವು. ಬಾಗಿಲ ಹೊಸ್ತಿಲ ಸಂದಿಯಲ್ಲೂ ಒಂದು ಮೊಳೆತಿತ್ತು. ನಾವು ಯಾರು, ಯಾಕೆ ಬಂದೆವು ಎಂದು ಹೇಳಿದೆವು. ಜಾಲಿಯ ಬಗ್ಗೆ ಬರೆಯುತ್ತೇವೆ ಅಂದಾಗ ಅವರಿಗೆ ನಗು ಬಂತು.

ಈಗ ಕೂಡ್ಲಿಗಿ ತಾಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಇದೆ. ಬೇರೆ ತಾಲೂಕುಗಳಲ್ಲೂ ಅಂಥವೇ ಇವೆ. ನಮಗೆ ಸಂತೋಷವೇ. ಆದರೆ ಪೈಪಿನಲ್ಲಿ ನೀರು ಬರುತ್ತದೆ, ನೀರಗಂಟಿ ಬರುವುದಿಲ್ಲ. ತೂಬು ನೋಡುವವರು, ಹೂಳು ಎತ್ತುವವರು, ಯಾರಿಗೆ ಎಷ್ಟು ಎಂದು ಕೂತು ಜಗಳವಾಡಿ ಒಪ್ಪಂದಕ್ಕೆ ಬರುವವರು ಊರಿನಲ್ಲಿ ಇರಬೇಕು. ಈ ಸಲ ಆ ಒಪ್ಪಂದದಲ್ಲಿ ಇದ್ದಿಲು ಸುಟ್ಟವರ ಪಾಲೂ, ಕಬ್ಬು ಕಡಿಯಲು ಹೋದವರ ಪಾಲೂ ಇರಬೇಕು. ಇಲ್ಲದಿದ್ದರೆ ತುಂಬಿದ ಕೆರೆಯನ್ನು ನೋಡಲೂ ಅವರು ಊರಲ್ಲಿರುವುದಿಲ್ಲ. ಇದನ್ನು ಬರೆಯುತ್ತಿರುವ ನಾವು ಐವರೂ ಊರಲ್ಲಿಲ್ಲ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮಲ್ಲಿ ಇಬ್ಬರ ಹಿತ್ತಲಲ್ಲೂ ಈಗ ಜಾಲಿ ಇದೆ.

ಮಚ್ಚು ಎರಡೇ ಇದ್ದವು. ಒಂದನ್ನು ನಾವು ತೆಗೆದುಕೊಂಡೆವು. ಬುಡ ಸಮೇತ ಕೀಳದಿದ್ದರೆ ಮತ್ತೆ ಚಿಗುರುತ್ತದೆ, ಅದಕ್ಕೆ ಗುದ್ದಲಿ ಬೇಕು ಎಂದು ಅಕ್ಕ ಪಕ್ಕದ ಮನೆಯಿಂದ ತರಿಸಿದರು. ಅರ್ಧ ಗಂಟೆಯಲ್ಲಿ ನಮ್ಮ ಅಂಗೈಯಲ್ಲಿ ರಕ್ತ.

‘ಮತ್ತೆ ದೀಪಾವಳಿ ಆದಮೇಲೆ ಹೋಗ್ತೀರಲ್ಲ ಅಕ್ಕಾ, ಬರೋದ್ರೊಳಗೆ ಮತ್ತೆ ಬೆಳೆದಿರ್ತದೆ. ಯಾಕಿಷ್ಟು ಕಷ್ಟಪಡ್ತೀರಿ?’ ಅಂದೆವು.

‘ನಾವು ಇದ್ರ ಬರಂಗಿಲ್ಲ ಅದು’ ಎಂದು ಅವರು ಹೊಸ್ತಿಲ ಸಂದಿಯದನ್ನು ಬೆರಳಿನಿಂದಲೇ ಕಿತ್ತು ಹಾಕಿದರು. ‘ದಿನಾ ತಿರುಗಾಡೋ ಅಂಗಳದಾಗ ಜಾಲಿ ಎಲ್ಲಿ ಹುಟ್ತತಿ ತಮ್ಮಾ?’